ಕೊನೆಯ ಮನೆಯ ನಲ್ಲಿ

ನಮ್ಮೂರಿನ ಹಳೆಯ ನೀರಿನ ಪೈಪು ಬದಲಿಸುವ ಉಸ್ತುವಾರಿ ನನ್ನ ತಲೆಗೆ ಬಿದ್ದದ್ದು ನನಗೆ ಆ ಕೆಲಸ ಗೊತ್ತಿತ್ತು ಅಂತಲ್ಲ, ಏಳು ಮನೆಗಳಲ್ಲಿ ದೊಡ್ಡ ಬಾಯಿ ನನ್ನದು ಅಂತ. ಯಲ್ಲಾಪುರದಿಂದ ಚಂದಗುಳಿಯ ಕಡೆಗಿರುವ ಒಂದು ಗುಡ್ಡದ ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ನಮ್ಮ ಮನೆಗಳಿವೆ. ನೆತ್ತಿಯಲ್ಲಿ ಬಂಡೆಯ ಸಂದಿಯಿಂದ ಒಂದು ಒರತೆ. ಕರೆಂಟಿಲ್ಲ, ಪಂಪಿಲ್ಲ, ತನ್ನ ಪಾಡಿಗೆ ತಾನು ಇಳಿದು ಬರುತ್ತದೆ. ಸುಡು ಏಪ್ರಿಲ್‌ನಲ್ಲೂ ಅದರಡಿ ಕೈ ಹಿಡಿದರೆ ಬೆರಳು ಮರಗಟ್ಟುತ್ತದೆ. ಐವತ್ತು ದಾಟಿದ ಮೇಲೂ ಅದರ ಮುಂದೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ. ಬೇರೆಲ್ಲೂ ಕಟ್ಟಿದ್ದಿಲ್ಲ.

ಮೊದಲು ಕಬ್ಬಿಣದ ಪೈಪೊಂದು ಮೇಲಿನ ಮನೆಯ ಕಲ್ಲುಬಾನಿಗೆ ನೀರು ತರುತ್ತಿತ್ತು. ಬಾನಿ ತುಂಬಿ ಹೆಚ್ಚಾದದ್ದು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಕೆಳಗಿನ ಮನೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ನಲ್ಲಿ ಎಂಬುದೇ ಇರಲಿಲ್ಲ. ಹರಿಯುವ ನೀರು ನಿಲ್ಲಿಸಿದರೆ ಕೆಳಗಿನವರ ಬಾಯಿಗೆ ಮಣ್ಣು ಹಾಕಿದಂತೆ ಎಂದು ಮಕ್ಕಳಿಗೂ ಗೊತ್ತಿತ್ತು. ಬರಬರುತ್ತ ಪೈಪು ತುಕ್ಕು ಹಿಡಿದು ಜರಡಿಯಾಯಿತು. ಎರಡು ಬೇಸಿಗೆ ಕೊನೆಯ ಮನೆಗೆ ಹನಿ ನೀರು ಮುಟ್ಟಲಿಲ್ಲ. ಅಲ್ಲಿರುವವಳು ಹೊಲಿಗೆ ಮಾಡುವ ನನ್ನ ಓರಗೆಯವಳು. ನೋವಿನ ಮೊಣಕಾಲಿಟ್ಟುಕೊಂಡು ಹಳ್ಳದಿಂದ ಕೊಡ ಹೊತ್ತಳು. ಈ ಸಲವೂ ನೀರು ಬರದಿದ್ದರೆ ಮನೆಗೆ ಬೀಗ ಹಾಕಿ ಪೇಟೆಯಲ್ಲಿ ಬಾಡಿಗೆಗಿರುವುದೇ ಸೈ ಎಂದಿದ್ದಳು.

ಕಪ್ಪು ಪೈಪಿನ ಸುರುಳಿಗಳು ಲಾರಿಯಲ್ಲಿ ಬಂದವು. ದಬ್ಬೆಗಳನ್ನು ಕಿತ್ತು ಬಚ್ಚಲೊಲೆಗೆ ಹಾಕಿದೆವು. ಒಂದೇ ಪೈಪು, ಮನೆಗೊಂದು ನಲ್ಲಿ. ನೀರು ಬಿಟ್ಟ ದಿನ ಆರು ಮನೆಗೂ ಬಂತು. ಏಳನೆಯ ಮನೆಯ ನಲ್ಲಿ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಯಿತು.

ನನಗೆ ಪಿತ್ತ ನೆತ್ತಿಗೇರಿತು. ಪೈಪು ಜೋಡಿಸಿದ ಯಲ್ಲಾಪುರದ ಕೆಲಸಗಾರನಿಗೆ ಫೋನ್ ಮಾಡಿ ಕರೆಸಿ, ಎಲ್ಲೋ ಸೋರುತ್ತಿದೆ ಎಂದು ಎರಡು ದಿನ ಮಣ್ಣು ಅಗೆಸಿದೆ. ಪಾಪ, ಒಂದೊಂದೇ ಜೋಡಣೆ ಮುಟ್ಟಿ ನೋಡಿ ಅವನು ಹೇಳಿದ್ದು ಒಂದೇ ಮಾತು: “ಅಕ್ಕಾರ, ಎಲ್ಲಾ ಬರೋಬ್ಬರಿ ಅದಾವ್ರೀ.” ನಾನು ಕೇಳಬೇಕಲ್ಲ!

ಎರಡನೆಯ ದಿನ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಮಜ್ಜಿಗೆ ಕುಡಿಯುತ್ತ ಅವನು ನಮ್ಮ ನಲ್ಲಿಯನ್ನೇ ನೋಡಿದ. ಅದು ಧೋ ಎಂದು ಸುರಿಯುತ್ತಿತ್ತು.

“ಇದನ್ನ್ಯಾಕ ಬಂದ್ ಮಾಡಿಲ್ರಿ?”

“ಹರಿಯ ನೀರು ನಿಲ್ಸಲಾಗ್ತನಾ? ಕೆಳಗಿನವ್ಕೆ ಎಂತ ಹೋಗ್ತು?” ಎಂದೆ. ಹೇಳಿದ ಮೇಲೆ ನಾನು ಆಡಿದ್ದು ನನಗೇ ಕೇಳಿಸಿತು. ದಬ್ಬೆ ಬೂದಿಯಾಗಿತ್ತು. ಹೆಚ್ಚಾದ ನೀರು ಯಾರ ಮನೆಗೂ ಹೋಗದೆ ಚರಂಡಿ ಸೇರುತ್ತಿತ್ತು. ಪುಣ್ಯವೆಂದು ನಲ್ಲಿ ತೆರೆದಿಟ್ಟು ಕೆಳಗಿನವಳ ಪಾಲು ನಾನೇ ಚೆಲ್ಲುತ್ತಿದ್ದೆ.

ನಮ್ಮದನ್ನು ನಿಲ್ಲಿಸಿ ಮನೆಮನೆಗೂ ಹೋದೆ. ಎಲ್ಲರ ನಲ್ಲಿಯೂ ತೆರೆದೇ ಇತ್ತು, ಎಲ್ಲರೂ ನನ್ನ ಮಾತನ್ನೇ ನನಗೆ ಹೇಳಿದರು. ಒಂದೊಂದಾಗಿ ತಿರುಗಿಸಿದೆವು. ಆರನೆಯದು ನಿಂತಾಗ ನನ್ನ ಅಂಗಾಲಿನಡಿ ಪೈಪು ನಡುಗಿತು. ಗುಡ್ಡದ ಭಾರವೆಲ್ಲ ಹೆಬ್ಬೆರಳು ದಪ್ಪದ ಕೊಳವೆಯಲ್ಲಿ ಇಳಿಯುತ್ತಿತ್ತು. ಕೆಳಗೆ ಓಡಿದೆ.

ಕೊನೆಯ ನಲ್ಲಿ ಕೆಮ್ಮಿತು, ಕೆಂಪು ಮಣ್ಣುನೀರು ಕಾರಿತು, ಆಮೇಲೆ ತಿಳಿಯಾಗಿ ಸುರಿಯಿತು. ಯಾರೂ ನೂಕದೆ, ಎಳೆಯದೆ ಅಷ್ಟು ದೂರದ ಬಂಡೆಯ ತಂಪು ಅವಳ ಕೊಡಕ್ಕೆ ಬೀಳುತ್ತಿತ್ತು. ದೇವರೇ, ಎಂದೆ. ಬೇರೆ ಮಾತು ಹೊರಡಲಿಲ್ಲ.

ಅವಳು ಒಂದೇ ಕೊಡ ತುಂಬಿ ನಲ್ಲಿ ತಿರುಗಿಸಿಬಿಟ್ಟಳು.

“ಎಂತಕ್ಕೆ ನಿಲ್ಸಿದೆ? ಹಂಡೆ ತುಂಬ್ಸ್ಕ್ಯ ಮಾರಾಯ್ತಿ,” ಎಂದೆ.

“ಮೇಲಿನವ್ಕೆ ನೀರು ಕಮ್ಮಿ ಆತನಾ? ಮೊದ್ಲು ಕೇಳ್ಕ್ಯಂಡು ಬಾ,” ಎಂದಳು.

ಎರಡು ಬೇಸಿಗೆಯಲ್ಲಿ ಆರು ಮನೆಯವರು ಒಬ್ಬರೂ ಕೆಳಗಿಳಿದು ಅವಳನ್ನು ಹಾಗೆ ಕೇಳಿರಲಿಲ್ಲ.