ಸೋರದ ಮಾಡಿನ ಕೆಳಗೆ

ಮೂರು ವರ್ಷದ ಹಿಂದಿನ ಮಾತು. ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡಿ ನಿವೃತ್ತನಾದ ನಾನು ಆಗ ಕಾರ್ಕಳದಲ್ಲಿ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೆ: ಹಳೆಯ ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ನೋಡಿ ಹೇಳುವುದು. ಹೇಳಿದ್ದು ಹಿಡಿಸದಿದ್ದರೆ ಜನ ಬೇರೆ ಇಂಜಿನಿಯರನ್ನು ಹುಡುಕುತ್ತಾರೆ.

ಮಳೆ ಜೋರಾಗಿದ್ದ ಜುಲೈಯಲ್ಲಿ ಜಗನ್ನಾಥ ಎಂಬವರು ಫೋನ್ ಮಾಡಿದರು. ಪೇಟೆಯ ನಡುವೆ ಅವರ ಅಜ್ಜ ಕಟ್ಟಿಸಿದ ಮಹಡಿ ಕಟ್ಟಡ ಉಂಟು. ಮುರಕಲ್ಲಿನ ಗೋಡೆ, ಮರದ ತೊಲೆ, ಹಂಚಿನ ಮಾಡು. ಮೊದಲು ಕೆಳಗೆ ಜವಳಿ ಅಂಗಡಿ, ಮೇಲೆ ಬೀಡಿ ಬ್ರ್ಯಾಂಚು. ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ಒಯ್ಯುತ್ತಿದ್ದದ್ದು ಅಲ್ಲಿಂದಲೇ. ನನ್ನ ಅಮ್ಮನೂ ಆ ಮರದ ಮೆಟ್ಟಿಲು ಹತ್ತಿದವಳು. ಬೀಡಿ ಹೋಯಿತು, ಫೋಟೋ ಸ್ಟುಡಿಯೋ ಬಂತು, ಅದೂ ಹೋಯಿತು. ಉಳಿದದ್ದು ಕೆಳಗಿನ ಶಂಕ್ರವ್ವನ ಖಾನಾವಳಿ ಒಂದೇ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು, ಗಂಡ ತೀರಿದ ಮೇಲೆ ಅಲ್ಲಿ ಜೋಳದ ರೊಟ್ಟಿ ತಟ್ಟಿ ತನ್ನ ಸೀಮೆಯ ಕೂಲಿಯವರಿಗೆಲ್ಲ ಊಟ ಹಾಕುತ್ತಿದ್ದಳು. ವಾಸವೂ ಹಿಂದಿನ ಕೋಣೆಯಲ್ಲೇ.

ರಸ್ತೆ ಬದಿಯ ಗೋಡೆ ಉಬ್ಬಿದೆ ಎಂದು ಪುರಸಭೆಯವರು ಎಚ್ಚರಿಸಿ ಹೋಗಿದ್ದರು. ರಿಪೇರಿಗೆ ಜಗನ್ನಾಥರು ತಯಾರಿದ್ದರು. ಕಟ್ಟಡವನ್ನೇ ಕೆಡವಬೇಕಾದರೆ ಕಥೆ ಮುಗಿಯಿತು. ಹೊಸದಾಗಿ ಕಟ್ಟುವವರು ರಸ್ತೆಯಿಂದ ಇಂತಿಷ್ಟು ಜಾಗ ಬಿಡಬೇಕು, ಅದಕ್ಕೆ ಸೆಟ್‌ಬ್ಯಾಕ್ ಎನ್ನುತ್ತೇವೆ. ಆ ಸಪೂರ ಸೈಟಿನಲ್ಲಿ ಅಷ್ಟು ಬಿಟ್ಟರೆ ಉಳಿಯುವುದು ಬೈಕ್ ನಿಲ್ಲಿಸುವ ಜಾಗ. "ಹೇಗಾದರೂ ಉಳಿಸಿ ಕೊಡಿ ಸಾರ್, ಆ ಹೆಂಗಸು ಎಲ್ಲಿಗೆ ಹೋಗುವುದು?" ಎಂದರು. ಬಾಡಿಗೆಯವರನ್ನು ಓಡಿಸಲು ರಿಪೋರ್ಟ್ ಕೇಳುವ ಮಾಲಕರನ್ನೇ ನೋಡಿ ನನಗೆ ಸಾಕಾಗಿತ್ತು. ಇವರ ಮೇಲೆ ಪ್ರೀತಿ ಬಂತು. ಉಳಿಸಿಯೇ ಬಿಡುವ ಎಂದು ಹೊರಟೆ.

ಒಳಗೆ ಒಂದು ಹನಿ ಸೋರಿಕೆ ಇಲ್ಲ. ಗೋಡೆಯ ತಲೆಗೆ ಕಬ್ಬಿಣದ ಕಂಬ ನಿಲ್ಲಿಸಿ ಹಂಚಿನ ಮಾಡಿನ ಮೇಲೆ ತಗಡಿನ ಶೀಟ್ ಹೊದಿಸಿದ್ದರು. ನಮ್ಮಲ್ಲಿ ಈಗ ಎಲ್ಲಿ ನೋಡಿದರೂ ಇದೇ ಟೋಪಿ ಮಾರಾಯ್ರೆ. ಏಣಿ ಹತ್ತಿ, ಹಂಚು ಹೊರುವ ಪಕ್ಕಾಸಿಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಪಕ್ಕದ್ದೂ ಹಾಗೆಯೇ. ಮಹಡಿಯ ತೊಲೆಗಳ ತುದಿಯೂ ಹಾಗೆಯೇ. ಹೊರಗೆ ಬಣ್ಣ, ಒಳಗೆ ಬರೀ ಗೆದ್ದಲಿನ ಮಣ್ಣು. ಅಯ್ಯೋ ದೇವರೇ ಎಂದು ಏಣಿ ಇಳಿದೆ.

ಹಂಚಿನ ಮಾಡು ಸೋರುತ್ತದೆ. ಸೋರುತ್ತದೆಂದೇ ಬೇಸಗೆಗೊಮ್ಮೆ ಆಳು ಹತ್ತುತ್ತಾನೆ, ಒಡೆದ ಹಂಚು, ಹಾಳಾದ ಮರ ಬದಲಿಸಿ, ಗೆದ್ದಲು ಹಿಡಿಯದಂತೆ ಗೇರೆಣ್ಣೆ ಬಳಿದು ಇಳಿಯುತ್ತಾನೆ. ಶೀಟ್ ಹಾಕಿದ ಮೇಲೆ ಸೋರಿಕೆ ನಿಂತಿತು, ಹತ್ತುವುದೂ ನಿಂತಿತು. ಗೆದ್ದಲಿಗೆ ಹೇಳುವವರು ಕೇಳುವವರು ಇಲ್ಲದಾಯಿತು. ಶೀಟಿನ ಕಂಬಗಳು ಗಾಳಿಗೆ ಅಲ್ಲಾಡಿ ಗೋಡೆಯನ್ನು ಹೊರಗೆ ತಳ್ಳಿದ್ದವು. ತೊಲೆ ಬದಲಿಸೋಣವೆಂದರೆ ಹೊರುವ ಗೋಡೆ ಇಲ್ಲ. ಗೋಡೆಯನ್ನೂ ಕಟ್ಟಿದರೆ ಅದು ಹೊಸ ಕಟ್ಟಡವೇ ಆಯಿತು.

ಖಾನಾವಳಿಯ ಬೆಂಚಿನಲ್ಲಿ ಕೂತು ಇಬ್ಬರಿಗೂ ಹೇಳಿದೆ. ಇವತ್ತೇ ಒಲೆ ಆರಿಸಿ ಹೊರಗೆ ಬರಬೇಕು ಎಂದೆ. ಚೆನ್ನಾಗಿಯೇ ಇತ್ತಲ್ಲ, ಹೀಗೇಕಾಯಿತು ಎಂದು ಶಂಕ್ರವ್ವ ಕೇಳಿದಳು. ಶೀಟಿನ ವಿಷಯ ಬಿಡಿಸಿ ಹೇಳಿದೆ. ಜಗನ್ನಾಥರ ಮುಖ ಕಪ್ಪಿಟ್ಟಿತು. ಮಹಡಿಯಲ್ಲಿಟ್ಟ ಜೋಳದ ಚೀಲ ನೆನೆಯುತ್ತದೆಂದು ಎರಡು ಮಳೆಗಾಲ ಅವರ ಬೆನ್ನು ಹತ್ತಿ ಶೀಟ್ ಹಾಕಿಸಿಕೊಂಡವಳು ಅವಳೇ, ಬಾಡಿಗೆ ಏರಿಸದೆ ಹಾಕಿಸಿ ಕೊಟ್ಟವರು ಅವರು. ಇದು ನನಗೆ ಗೊತ್ತಿರಲಿಲ್ಲ.

ಅವಳು ಕೈಯ ಹಿಟ್ಟನ್ನು ತಿಕ್ಕಿ ತಿಕ್ಕಿ ಉದುರಿಸಿದಳು. "ಹಂಗಾರ ಇದನ್ನ ಕೆಡವಿದಾಕಿ ನಾನ ಅಂದಂಗಾತಲ್ರಿ."

"ಇಲ್ಲಮ್ಮ, ಮರ ಮೊದಲೇ ಹಾಳಾಗಿತ್ತು," ಎಂದರು ಜಗನ್ನಾಥರು. "ಅಲ್ವಾ ಸಾರ್?"

ಹೌದು ಎಂದೆ. ಅವಳು ನಂಬಲಿಲ್ಲ.

ಕಟ್ಟಡ ಇಳಿಸಲು ಜೆಸಿಬಿಗೆ ಅರ್ಧ ದಿನವೂ ಬೇಕಾಗಲಿಲ್ಲ. ಖಾನಾವಳಿಗೆ ಎಂದರೆ ಪೇಟೆಯಲ್ಲಿ ಯಾರೂ ಬಾಡಿಗೆಗೆ ಜಾಗ ಕೊಡಲಿಲ್ಲ. ಹೊಗೆ, ಕೂಲಿಯವರು, ಗಲಾಟೆ ಎಂದರು. ಶಂಕ್ರವ್ವ ನಿಟ್ಟೆಯ ಕಡೆ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕಲು ಸೇರಿದಳು. ಕಾರಣ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ ಎಂದು ಹುಡುಗರಿಗೆ ಪಾಠ ಹೇಳಿದವನು ನಾನು. ಕಾರಣ ಗೊತ್ತಾಗಿಯೂ ಏನೂ ಆಗದೆ, ಬರೀ ಒಬ್ಬರ ಎದೆಯ ಮೇಲೆ ಕಲ್ಲಾಗಿ ಕೂರುವುದೂ ಉಂಟು ಎಂದು ಈ ಕೇಸು ಕಲಿಸಿತು. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಕಳೆದ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಸೊರಗಿ ಹೋಗಿದ್ದಳು, ಕೆಮ್ಮು ಬೇರೆ. ಬಾಡಿಗೆ ಕೋಣೆಯಲ್ಲಿ ಮಲಗುವ ಜಾಗಕ್ಕೇ ಸೋರುತ್ತದಂತೆ. ಮಾಲಕರಿಗೆ ಹೇಳಬಾರದಾ ಎಂದು ಗದರಿದೆ.

"ಹೇಳಂಗಿಲ್ರಿ," ಎಂದಳು. "ಅವರ ಕಟ್ಟಡಾರ ಉಳೀಲಿ."