ನನ್ನ ಅಳುವಿನಿಂದ ಅವನು ಹೊಸೆದ ಹಾಸ್ಯ

ನಾನು ಅತ್ತ ಕಥೆಯನ್ನು ನನ್ನೆದುರಿಗೇ ಒಬ್ಬ ಹಾಸ್ಯವೆಂದು ಹೇಳಿದ; ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಕೊಯಮತ್ತೂರು ನನಗೆ ಅಷ್ಟು ಪರಕೀಯವಾಗಿ ಇನ್ನೆಂದೂ ಕಂಡಿಲ್ಲ.

ರಾಣೆಬೆನ್ನೂರಿನಿಂದ ನಾನಿಲ್ಲಿಗೆ ಬಂದದ್ದು ಕಿರುಚಿತ್ರ ತೆಗೆಯುವ ಸಣ್ಣ ಕಂಪನಿಯ ಕೆಲಸಕ್ಕೆ. ಬರಹಗಾರರು ಹಾಸ್ಯದ ಕಥೆಗಳನ್ನು ಚುಟುಕಾಗಿ ಹೇಳುತ್ತಾರೆ. ಚಿತ್ರಗಳು ಕನ್ನಡಕ್ಕೂ ಡಬ್ ಆಗುವುದರಿಂದ, ನಮ್ಮವರು ನಗುತ್ತಾರೋ ಇಲ್ಲವೋ ಎಂದು ನಾನು ಅಭಿಪ್ರಾಯ ಕೊಡಬೇಕು. ಮೊದಮೊದಲು ಭಾಷೆಯೇ ಕಾಡಿತು. ನಮ್ಮಲ್ಲಿ 'ತಿಂಡಿ ಆಯ್ತಾ' ಅಂದರೆ ಅಕ್ಕರೆ. ಇಲ್ಲಿ 'ತಿಂಡಿ' ಎಂದರೆ ಹೊಟ್ಟೆಬಾಕರ ಮೇವು. ನಮ್ಮೂರಲ್ಲಿ ಜಗಳಕ್ಕೆ ದನಿ ಏರುತ್ತದೆ; ಇಲ್ಲಿ ಬೈಯುವಾಗಲೂ ಮಾತಿನ ತುದಿಗೆ 'ಂಗ' ಎಂಬ ಮರ್ಯಾದೆ ಅಂಟಿಕೊಂಡಿರುತ್ತದೆ.

ಕಥೆ ಹೇಳಿದವನು ಸೆಂದಿಲ್. ಗೆಳೆಯನೆಂದು ನಂಬಿ ಚಹಾದ ಹೊತ್ತಿನಲ್ಲಿ ಅವನೊಬ್ಬನಿಗೇ ಹೇಳಿಕೊಂಡಿದ್ದೆ: ಅಪ್ಪನಿಗೆ ಕೊನೆಗಾಲವೆಂದು ಹೊರಟವಳು, ಬಸ್ಸಿನ ಬೋರ್ಡು ಓದಲು ಬಾರದೆ, ರೈಲು ನಿಲ್ದಾಣದ ಬದಲು ಉಡುಮಲೈಪೇಟೆಯ ಬಸ್ ಹತ್ತಿದ್ದನ್ನು, ಗದ್ದಲದಲ್ಲಿ ಕಂಡಕ್ಟರ್ ನನ್ನ ಬಳಿ ಬರುವಷ್ಟರಲ್ಲಿ ಬಸ್ಸು ಊರು ದಾಟಿದ್ದನ್ನು, ಇಳಿದಲ್ಲೇ ಕೂತು ಅತ್ತದ್ದನ್ನು. ಅಪ್ಪನ ಉಸಿರು ನಿಂತ ಮೇಲೆ ಊರು ಮುಟ್ಟಿದ್ದೆ. ಮನೆಯಲ್ಲಿ ರೈಲು ತಡವಾಯಿತೆಂದಷ್ಟೇ ಹೇಳಿದ್ದೆ. ಸೆಂದಿಲ್ ತನ್ನ ಕಥೆಯಲ್ಲಿ ಅಪ್ಪನನ್ನು ತೆಗೆದು, ಅವಳನ್ನು ಮದುವೆಯೂಟಕ್ಕೆ ಹೊರಡಿಸಿದ್ದ.

ನಮ್ಮ ಮುಖ್ಯಸ್ಥೆ ಕಲ್ಪನಾ, ನಾಳೆ ಅಭಿಪ್ರಾಯ ಹೇಳು ಎಂದರು. ಸಂಜೆ ಮನೆಯೊಡತಿ ರುಕ್ಮಿಣಿಯಮ್ಮನೆದುರು ಕುದಿದುಹೋದೆ. ತಲೆಮಾರುಗಳಿಂದ ಇಲ್ಲೇ ಮಗ್ಗ ನಡೆಸಿದ ಕನ್ನಡದ ಮನೆ ಅವರದು.

"ಸುಮ್ನೆ ಬುಡ್ಬೇಡ ಕಣ್ಣು," ಎಂದರು, ತಮಿಳಿನವರಂತೆ ಮುದ್ದಿನಿಂದ ಕರೆದು. "ನಗ್ತಾ ನಗ್ತಾ ತಿರುಗಿಸಿ ಕೊಡು."

ಮರುದಿನ ಹಾಗೇ ಕೊಟ್ಟೆ. ಕಥೆ 'ನಲ್ಲಾ ಇರುಕ್ಕುಂಗ', ಚೆನ್ನಾಗಿದೆ, ಎಂದು ತಮಿಳಿನಲ್ಲೇ ಶುರುಮಾಡಿದೆ. "ಆದರೆ ಕೋಡಂಗಿಯಾಗಬೇಕಾದವಳು ಅವಳಲ್ಲ. ಗೆಳತಿಯ ಸಂಕಟ ಕದ್ದು, ಅವಳೆದುರಿಗೇ ಹೇಳಿ ಮೆಚ್ಚುಗೆಗೆ ಕಾಯುತ್ತಾನಲ್ಲ, ಆ ಬರಹಗಾರ. ಅವಳು ಬಾಯಿ ಬಿಟ್ಟಾಗ ಅವನ ಮುಖ ಹೇಗಾಗುತ್ತದೆ ನೋಡಿ, ಅದು ಹಾಸ್ಯ."

ಎಲ್ಲರೂ ಸೆಂದಿಲ್‌ನ ಮುಖ ನೋಡಿದರು. ಮೊದಲು ನಕ್ಕವರು ಕಲ್ಪನಾ. "ಇದನ್ನೇ ಮಾಡೋಣ. ಸೆಂದಿಲ್, ನೀನೇ ಬರಿ."

ಅವನು ಬರೆದು ತಂದಾಗಲೆಲ್ಲ ಹಿಂದಿರುಗಿಸಿದೆ. "ಬರಹಗಾರ ಇನ್ನೂ ಸಾಕಷ್ಟು ಪೆದ್ದನಾಗಿಲ್ಲ." ಕಡೆಗೊಮ್ಮೆ ಕೆಂಪಡರಿದ ಮುಖದಲ್ಲಿ, "ಪೋದುಮಾ?" ಎಂದ. ಸಾಕಾ, ಎಂದು. ಬೇಡ ಬೇಡವೆಂದರೂ ಬಾಯಲ್ಲಿ ಬೆಲ್ಲ ಕರಗಿದಂತಾಯಿತು. ಇನ್ನೊಮ್ಮೆ ಬರೆಸಿದೆ.

ಚಿತ್ರ ಬಂತು. ಇಲ್ಲಿಯವರು ಬರಹಗಾರನನ್ನು ನೋಡಿ ನಕ್ಕರು. ಕನ್ನಡದಲ್ಲಿ ನೋಡಿದ ತಂಗಿ ಊರಿನಿಂದ ಫೋನ್ ಮಾಡಿದಳು.

"ಅಕ್ಕಾ, ಆ ತಪ್ಪು ಬಸ್ ಹತ್ತಿದ ಹೆಣ್ಮಗಳ್ನ ನೋಡಿ ನಕ್ಕು ನಕ್ಕು ಸಾಕಾತು. ಅಂಥಾ ದಡ್ಡರು ಖರೇನ ಇರ್ತಾರೇನು ಅಲ್ಲೆ?"

"ಇರ್ತಾರ," ಎಂದೆ.

ಅವಳು ಮತ್ತೆ ನಕ್ಕಳು. ಸೆಂದಿಲ್‌ಗೆ ಕೊಟ್ಟಂತೆ ಅವಳಿಗೂ ಕೊಡಲು ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಕೆಳಗಿಳಿದು ಹೋಗಿ ರುಕ್ಮಿಣಿಯಮ್ಮನ ಪಕ್ಕ ಕೂತೆ. ಏನಾಯಿತೆಂದು ಅವರು ಕನ್ನಡದಲ್ಲಿ ಕೇಳಿದರು. ನಾನು ತಮಿಳಿನಲ್ಲಿ ಹೇಳಿದೆ. ತಂಗಿ ನಕ್ಕ ಕನ್ನಡದಲ್ಲಿ ಅದನ್ನು ಹೇಳಲು ಆಗಲಿಲ್ಲ.