ಮಿಲ್ಲಿನ ನಾಯಿಗೆ ನಡುಕ ಬಂದ ದಿನ

ನರಸಿಂಹರಾಜಪುರದಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು ಇತ್ತು. ಮುಂದೆ ಮಿಲ್ಲು, ಹಿಂದೆ ಮನೆ, ಎರಡರ ನಡುವೆ ಗೋಣಿಚೀಲ ಪೇರಿಸಿಡುವ ಕತ್ತಲೆ ಕೋಣೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಆ ಸದ್ದಿನಲ್ಲಿ ತಲೆನೋವು ಬರುತ್ತಿತ್ತು. ಆಮೇಲಾಮೇಲೆ ಸದ್ದು ನಿಂತರೇ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಗೋಧಿಗೆ ಬೀಸುವ ಕಲ್ಲನ್ನು ಎಷ್ಟು ಬಿಗಿ ಮಾಡಬೇಕು, ರಾಗಿಗೆ ಎಷ್ಟು ಸಡಿಲ ಬಿಡಬೇಕು ಎಂಬುದನ್ನೆಲ್ಲ ಗಂಡ ಹೇಳಿಕೊಟ್ಟಿದ್ದರಿಂದ, ಅವರು ಊರಲ್ಲಿ ಇಲ್ಲದ ದಿನ ಮಿಲ್ಲನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ನಾಯಿ ಯಾವಾಗ ಬಂತು ಎಂದು ಸರಿಯಾಗಿ ನೆನಪಿಲ್ಲ. ಗಿರಾಕಿಯೊಬ್ಬರ ಹಿಂದೆ ಬಂದ ಮರಿ ಅವರ ಜೊತೆ ವಾಪಸು ಹೋಗಲಿಲ್ಲ, ಅಷ್ಟೆ. ಗಿರಾಕಿಗಳು ಕೂರುವ ಬೆಂಚಿನ ಅಡಿಯಲ್ಲಿ ಮಲಗುತ್ತಿತ್ತು. ಅದರ ಮೈ ಕಂದು ಬಣ್ಣದ್ದು ಎಂಬುದು ಸ್ನಾನ ಮಾಡಿಸಿದ ದಿನ ಮಾತ್ರ ಗೊತ್ತಾಗುತ್ತಿತ್ತು; ಉಳಿದಂತೆ ಅದು ಹಿಟ್ಟಿನ ಬಣ್ಣದ ನಾಯಿ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳು ಅದರ ಹೊಟ್ಟೆಗೆ ಒರಗಿಕೊಂಡೇ ತಿಂಡಿ ತಿನ್ನುತ್ತಿದ್ದಳು.

ಅತ್ತೆ ಮಾತ್ರ ಅದನ್ನು ಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಉಳಿದ ರೊಟ್ಟಿಯನ್ನು ದೂರದಿಂದಲೇ ಹಾಕುತ್ತಿದ್ದರು. ಒಂದು ದಿನವೂ ಮುಟ್ಟಿದ್ದು ನಾನು ನೋಡಲಿಲ್ಲ. ದಿನಕ್ಕೆರಡು ಸಲ ಲಿಂಗಪೂಜೆ ಮಾಡಿಕೊಳ್ಳುವವರು, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಆ ವರ್ಷ ಬೇಸಿಗೆಯ ಶುರುವಿನಲ್ಲಿ ನಾಯಿ ಗೋಣಿಚೀಲದ ಕೋಣೆಯಲ್ಲಿ ಆರು ಮರಿ ಹಾಕಿತು. ಮೂರು ವಾರ ಕಳೆಯುವಷ್ಟರಲ್ಲಿ ಮರಿಗಳು ಉಂಡೆಯುಂಡೆಯಾಗಿ ಬೆಳೆದವು. ತಾಯಿ ಮಾತ್ರ ಇಳಿದುಹೋಗಿತ್ತು. ಪಕ್ಕೆಲುಬು ಕಾಣಿಸುತ್ತಿತ್ತು. ಎರಡು ಹೊತ್ತು ಅನ್ನ, ಸಾರು ಹಾಕುತ್ತಿದ್ದೆವು, ಅದು ಸಾಕು ಎಂದು ನಮ್ಮ ಎಣಿಕೆ.

ಬೇಸಿಗೆ ಅಂದರೆ ನಮಗೆ ಖಾರದ ಪುಡಿ, ಸಾರಿನ ಪುಡಿಯ ಕಾಲ. ಅವತ್ತು ಬೆಳಿಗ್ಗೆ ಗಂಡ ಮಿಲ್ಲಿಗೆ ಹೊಸ ಬೆಲ್ಟು ತರಲು ಶಿವಮೊಗ್ಗಕ್ಕೆ ಹೋಗಿದ್ದರು. ತ್ರೀ ಫೇಸ್ ಕರೆಂಟ್ ಬಂದಿತ್ತು. ಅದು ಹೋಗುವುದರೊಳಗೆ ತಮ್ಮದು ಆಗಲಿ ಎಂದು ಬೆಂಚಿನ ತುಂಬ ಜನ ಡಬ್ಬಿ, ಚೀಲ ಇಟ್ಟುಕೊಂಡು ಕೂತಿದ್ದರು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ಹಾಕುತ್ತಿದ್ದೆ. ಆಗ ನಾಯಿ ಕೋಣೆಯಿಂದ ಹೊರಗೆ ಬಂತು. ಏದುಸಿರು ಬಿಡುತ್ತಿತ್ತು. ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಖಾರದ ಘಾಟಿಗೆ ಹೀಗೆ ಆಗಿರಬೇಕು ಎಂದು ಒದ್ದೆ ಬಟ್ಟೆಯಲ್ಲಿ ಮೂತಿ ಒರೆಸಿ, ಹೊರಗೆ ಜಗಲಿಗೆ ಕಳಿಸಿದೆ. ಒಂದು ಗಳಿಗೆಯಲ್ಲೇ ತಿರುಗಿ ಬಂತು. ಕೂರಲಿಲ್ಲ, ಮಲಗಲಿಲ್ಲ. ಮರಿಗಳ ಹತ್ತಿರ ಹೋಗಿ ಮೂಸಿ ಮತ್ತೆ ಹೊರಗೆ ಬಂತು. ನಡೆಯುವಾಗ ಕಾಲು ಮಡಚುತ್ತಿರಲಿಲ್ಲ, ನಾಲ್ಕೂ ಕಾಲು ಮರದ್ದಾದ ಹಾಗೆ ಊರುತ್ತಿತ್ತು.

ಬೆಂಚಿನ ಮೇಲಿದ್ದ ವಯಸ್ಸಾದ ಗಿರಾಕಿಯೊಬ್ಬರು ಎರಡೂ ಕಾಲನ್ನು ಮೇಲೆತ್ತಿಕೊಂಡರು.

"ಅಮ್ಮ, ಮಿಲ್ಲು ನಿಲ್ಸಿ ಮೊದ್ಲು. ಇದು ಸರಿ ಇದ್ದ ಹಾಗೆ ಕಾಣಲ್ಲ" ಎಂದರು.

ನಿಲ್ಲಿಸಿದೆ. ಸದ್ದು ಇಳಿದ ಮೇಲೆ ನಾಯಿಯ ಉಸಿರು ಎಲ್ಲರಿಗೂ ಕೇಳಿಸಿತು. ಮೈ ಸಣ್ಣಗೆ ನಡುಗುತ್ತಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. ನಾನು ಕರೆದೆ. ನನ್ನ ಕಡೆ ತಿರುಗಲಿಲ್ಲ.

"ಹುಚ್ಚೇ ಕಣ್ರಿ ಇದು. ಜೊಲ್ಲು ನೋಡಿ" ಎಂದರು ಇನ್ನೊಬ್ಬರು. ಮತ್ತೊಬ್ಬರು ಪಟ್ಟಣ ಪಂಚಾಯ್ತಿಯವರಿಗೆ ಹೇಳಿ ಎಂದರು. ಯಾರೋ ಆಗಲೇ ಬಾಗಿಲ ಹಿಂದಿದ್ದ ಕೋಲನ್ನು ಕೈಗೆ ತೆಗೆದುಕೊಂಡಿದ್ದರು. ಹೊಡೆಯಲು ಅಲ್ಲ, ಹೆದರಿಕೆಗೆ. ಹೆದರಿದವರನ್ನು ಬೈಯಲು ನನಗೂ ಬಾಯಿ ಬರಲಿಲ್ಲ.

ಕರೆಂಟ್ ಇದ್ದೂ ಮಿಲ್ಲು ನಿಂತಿದ್ದಕ್ಕೆ ಅತ್ತೆ ಒಳಗಿನಿಂದ ಬಂದರು. ನಾಯಿಯನ್ನು ನೋಡಿದವರು ಅಲ್ಲೇ ಗೋಡೆ ಹಿಡಿದು ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು.

"ಮಗು ಎಲ್ಲಿ?"

ಮಗಳು ಜಗಲಿಯಲ್ಲಿ ಆಡುತ್ತಿದ್ದಳು. ಅತ್ತೆ ಅವಳನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಮರಿಯ ಹಲ್ಲು ತಾಗಿದ ಗೀರು ಇತ್ತು. ಎರಡು ದಿನದ ಹಿಂದಿನದು, ಒಣಗಿತ್ತು. ಅದೇ ಕೈಯನ್ನು ತಾಯಿನಾಯಿ ನೆಕ್ಕುವುದನ್ನು ನಾವೆಲ್ಲ ನೋಡಿದ್ದೆವು. ಅತ್ತೆ ಬಟ್ಟೆಯ ಸೋಪು ಹಾಕಿ ಆ ಕೈಯನ್ನು ತೊಳೆದರು, ಮತ್ತೆ ತೊಳೆದರು. ಮಗು ಉರಿ ಎಂದು ಅತ್ತರೂ ಬಿಡಲಿಲ್ಲ.

ನಾನು ದನದ ಆಸ್ಪತ್ರೆಗೆ ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ನಾಯಿ ಗೋಡೆಯ ಬದಿಗೆ ಬಿದ್ದು ಕಾಲು ಚಾಚಿತ್ತು. ಮುಟ್ಟಿದರೆ ಮೈ ಒಲೆಯ ಹಾಗೆ ಸುಡುತ್ತಿತ್ತು. ಕಚ್ಚುವ ಶಕ್ತಿ ಇದ್ದ ಹಾಗೆ ಕಾಣಲಿಲ್ಲ. ಆದರೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಟವೆಲಿನಿಂದ ಅದರ ಬಾಯಿ ಕಟ್ಟಿ, ದಪ್ಪ ಗೋಣಿಚೀಲದ ಮೇಲೆ ಎಳೆದುಕೊಂಡೆ. ಪೇಟೆಯಿಂದ ನಮಗೆ ಗೋಧಿ ಮೂಟೆ ತಂದುಹಾಕುವ ಆಟೋದವರನ್ನು ಕರೆಸಿದೆ.

"ಅಕ್ಕಾ, ದಾರೀಲಿ ಎದ್ದು ಕಚ್ಚಿದ್ರೆ ಎಂತ ಮಾಡೋದು?" ಎಂದರು ಅವರು.

"ಬಾಯಿ ಕಟ್ಟಿದೀನಿ. ಹಿಂದೆ ನಾನೇ ಹಿಡ್ಕೊಂಡು ಕೂರ್ತೀನಿ."

"ಆಯ್ತು, ಹತ್ಸಿ" ಎಂದರು.

ಮಗಳನ್ನು ಪಕ್ಕದ ಟೈಲರ್ ಅಂಗಡಿಯ ಹೆಂಗಸಿನ ಹತ್ತಿರ ಬಿಟ್ಟೆವು. ಬೆಂಚಿನವರಿಗೆ ಡಬ್ಬಿ ಇಟ್ಟು ಹೋಗಿ ಎಂದೆ. ನಾಯಿಯನ್ನು ಚೀಲದ ಸಮೇತ ಆಟೋಕ್ಕೆ ಎತ್ತಿಟ್ಟು ನಾನು ಹತ್ತಿ ಕೂತರೆ, ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಂದು ಡ್ರೈವರ್ ಪಕ್ಕದಲ್ಲಿ ಇಕ್ಕಟ್ಟಾಗಿ ಕೂತರು.

"ನೀವ್ಯಾಕೆ ಅತ್ತೆ ಈ ಬಿಸಿಲಲ್ಲಿ?"

"ಡಾಕ್ಟ್ರ ಬಾಯಿಂದ ನಾನೇ ಕೇಳ್ಬೇಕು. ನಡಿ" ಎಂದರು.

ಆಸ್ಪತ್ರೆಯಲ್ಲಿ ಸಹಾಯಕರೊಬ್ಬರು ಮಾತ್ರ ಇದ್ದರು. ಮುತ್ತಿನಕೊಪ್ಪದ ಹತ್ತಿರ ಯಾರದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಡಾಕ್ಟರು ಬೈಕಿನಲ್ಲಿ ಹೋಗಿದ್ದರಂತೆ. ಅವರ ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. "ಕೂತಿರಿ, ಬರ್ತಾರೆ" ಎಂದರು ಸಹಾಯಕರು. ನಾಯಿಯ ಕಾಲುಗಳು ಆಗ ಸೆಟೆದು ಸೆಟೆದು ಬಿಡುತ್ತಿದ್ದವು. ಕಾಯುವುದು ಆಗದ ಮಾತು ಎಂದು ನನಗೆ ಅನಿಸಿತು. ಆ ಹಸುವಿನ ಮನೆಯ ಗುರುತು ಕೇಳಿಕೊಂಡು ಆಟೋವನ್ನು ಶಿವಮೊಗ್ಗದ ರಸ್ತೆಗೆ ತಿರುಗಿಸಿದೆವು.

ಊರು ದಾಟಿದ ಮೇಲೆ ಅತ್ತೆ ಮಾತಾಡಲು ಶುರುಮಾಡಿದರು. ನನ್ನ ಕಡೆ ತಿರುಗಲಿಲ್ಲ, ಮುಂದಿನ ರಸ್ತೆ ನೋಡಿಕೊಂಡೇ ಹೇಳಿದರು. ಆಟೋದ ಸದ್ದಿನಲ್ಲಿ ಕೇಳಿಸಿಕೊಳ್ಳಲು ನಾನು ಮುಂದಕ್ಕೆ ಬಾಗಬೇಕಾಯಿತು.

"ನಂಗೊಬ್ಬ ತಮ್ಮ ಇದ್ದ. ನಿಂಗೆ ಗೊತ್ತಿಲ್ಲ. ನಿನ್ ಗಂಡಂಗೂ ಗೊತ್ತಿಲ್ಲ."

ಬಾಳೆಹೊನ್ನೂರಿನ ಆಚೆ ಅವರ ತವರು. ತಮ್ಮನಿಗೆ ಆಗ ಆರೋ ಏಳೋ ವರ್ಷ. ಬೀದಿನಾಯಿ ಕಾಲಿಗೆ ಕಚ್ಚಿತು. ಮನೆಯವರು ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಗಾಯ ಒಣಗಿತು, ಹುಡುಗ ಆಡಿಕೊಂಡಿದ್ದ, ಎಲ್ಲರೂ ಮರೆತರು. ಒಂದೆರಡು ತಿಂಗಳಾದ ಮೇಲೆ ಜ್ವರ ಬಂತು. ನೀರಿನ ಲೋಟ ತೋರಿಸಿದರೆ ಗಂಟಲು ಹಿಡಿದುಕೊಳ್ಳುತ್ತಿದ್ದನಂತೆ.

"ಅವನನ್ನ ಕೋಣೇಲಿ ಹಾಕಿ ಬಾಗ್ಲು ಹಾಕಿದ್ರು. ಅಪ್ಪ ಒಬ್ರೇ ಒಳಗೆ ಹೋಗೋರು. ನನ್ನ ಬಿಡಲಿಲ್ಲ. ಅಕ್ಕಾ ಅಂತ ಕರೀತಾ ಇದ್ದ. ನಾನು ಬಾಗ್ಲ ಹೊರಗೆ ಕೂತು ಹೂಂ ಅಂತಾ ಇದ್ದೆ."

ಆಟೋದವರು ವೇಗ ಕಡಿಮೆ ಮಾಡಿದ್ದರು, ಅವರೂ ಕೇಳಿಸಿಕೊಂಡಿರಬೇಕು. ನನ್ನ ಒಂದು ಕೈ ನಾಯಿಯ ಬೆನ್ನ ಮೇಲಿತ್ತು. ಇನ್ನೊಂದನ್ನು ಅತ್ತೆಯ ಭುಜದ ಮೇಲೆ ಇಡಲು ಹೋಗಿ, ಅದೇ ಕೈಯಲ್ಲಿ ಜೊಲ್ಲು ಮುಟ್ಟಿದ್ದೇನೆ ಎಂದು ನೆನಪಾಗಿ ಹಿಂದೆ ತೆಗೆದುಕೊಂಡೆ.

ಡಾಕ್ಟರ ಬೈಕು ರಸ್ತೆಯಿಂದಲೇ ಕಾಣಿಸಿತು. ಹಸು ಕರು ಹಾಕಿ ಆಗಿತ್ತು. ಡಾಕ್ಟರು ಕೊಟ್ಟಿಗೆಯ ಮುಂದೆ ಬಕೆಟ್ಟಿನ ನೀರಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು. ಅಷ್ಟೇನೂ ವಯಸ್ಸಾದವರಲ್ಲ, ಬಯಲುಸೀಮೆಯ ಕಡೆಯವರು ಎಂದು ಮಾತಿನಲ್ಲಿ ಗೊತ್ತಾಗುತ್ತಿತ್ತು. ಆಟೋದ ಹತ್ತಿರ ಬಂದವರು ತಕ್ಷಣ ಮುಟ್ಟಲಿಲ್ಲ. ದೂರದಿಂದ ನೋಡುತ್ತ ನಿಂತರು.

"ಯಾರಿಗಾದ್ರೂ ಕಚ್ಚಿದೆಯಾ?"

"ಇಲ್ಲ."

"ಇದಕ್ಕೆ ಬೇರೆ ನಾಯಿ ಕಚ್ಚಿದ್ದು?"

"ನಾವು ನೋಡಿದ ಹಾಗೆ ಇಲ್ಲ."

"ಹುಚ್ಚಿನ ಲಸಿಕೆ ಹಾಕ್ಸಿದ್ದೀರಾ?"

"ಇಲ್ಲ" ಎಂದೆ.

ಅವರು ಬಗ್ಗಿ ನಾಯಿಯ ಹೊಟ್ಟೆಯ ಕಡೆ ನೋಡಿದರು. "ಮರಿ ಹಾಕಿದೆಯಾ? ಎಷ್ಟು ದಿನ ಆಯ್ತು? ಎಷ್ಟು ಮರಿ?" ಎಂದು ಒಂದರ ಹಿಂದೆ ಒಂದು ಕೇಳಿದರು. ನಾನು ಹೇಳಿದೆ. ಏನು ಹಾಕುತ್ತೀರಿ ಎಂದು ಕೇಳಿದರು. ಅದನ್ನೂ ಹೇಳಿದೆ.

ಹಸುವಿನ ಮನೆಯವರು ಒಂದು ತಟ್ಟೆಯಲ್ಲಿ ನೀರು ತಂದು, "ಇದನ್ನ ಇಟ್ಟು ನೋಡಿ ಸಾರ್, ಕುಡಿದ್ರೆ ಹುಚ್ಚಲ್ಲ" ಎಂದರು. ಡಾಕ್ಟರು ತಲೆಯಾಡಿಸಿದರು. "ನಾಯಿಗೆ ಹಾಗೆಲ್ಲ ಹೇಳೋಕಾಗಲ್ಲ. ಹುಚ್ಚು ಹಿಡಿದ ನಾಯಿನೂ ನೀರಿಗೆ ಬಾಯಿ ಹಾಕುತ್ತೆ" ಎಂದರು. ಆಮೇಲೆ ಕೈಗವಸು ಹಾಕಿಕೊಂಡು ನಾಯಿಯನ್ನು ಹಲಸಿನ ಮರದ ನೆರಳಿಗೆ ಇಳಿಸಿದರು.

"ಟವೆಲ್ ಬಿಚ್ತೀನಿ. ಉಸಿರಾಡೋಕೆ ಬಿಡ್ಬೇಕು, ಮೈ ಸುಡ್ತಾ ಇದೆ. ನೀವು ತಲೆ ಹಿಂದೆ ಕತ್ತು ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು ನನಗೆ.

ಅತ್ತೆ ಹತ್ತಿರ ಬಂದು ನಿಂತರು. "ಸಾರ್, ಮನೇಲಿ ಸಣ್ಣ ಮಗು ಇದೆ. ಮರಿ ಹಲ್ಲು ತಾಗಿದ ಅದರ ಕೈನ ಈ ನಾಯಿ ನೆಕ್ಕಿದೆ. ಇದು ಎಂತ ಅಂತ ನಂಗೆ ಹೇಳಿ" ಎಂದರು.

"ಹುಚ್ಚಲ್ಲ ಅಂತ ನಂಗೆ ಅನ್ಸುತ್ತೆ ಅಮ್ಮ. ಆರು ಮರಿಗೆ ಹಾಲು ಕೊಟ್ಟು ಮೈಯಲ್ಲಿರೋ ಕ್ಯಾಲ್ಸಿಯಂ ಎಲ್ಲ ಇಳಿದುಹೋಗಿದೆ. ಹಾಲು ಕೊಡೋ ಹಸು ಕರು ಹಾಕಿದ ಮೇಲೆ ಬೀಳುತ್ತಲ್ಲ, ಹೆಚ್ಚುಕಮ್ಮಿ ಹಾಗೇನೇ. ಕ್ಯಾಲ್ಸಿಯಂ ಕೊಡ್ತೀನಿ. ನಾನು ಹೇಳಿದ್ದು ಹೌದಾದ್ರೆ ನಿಮ್ಮ ಕಣ್ಣೆದುರೇ ಗೊತ್ತಾಗುತ್ತೆ."

ಹಸುವಿಗೆಂದು ತಂದಿದ್ದ ಬಾಟಲಿ ಬೈಕಿನ ಚೀಲದಲ್ಲಿತ್ತು. ಅದರಿಂದ ಸಿರಿಂಜಿಗೆ ಸ್ವಲ್ಪ ಎಳೆದುಕೊಂಡು, ಮುಂಗಾಲಿನ ಕೂದಲು ತೆಗೆದು ನರ ಹುಡುಕಿದರು. ಕಿವಿಗೆ ಸ್ಟೆತಸ್ಕೋಪು ಹಾಕಿಕೊಂಡು, ಒಂದು ಕೈಯನ್ನು ನಾಯಿಯ ಎದೆಯ ಮೇಲಿಟ್ಟು, ಇನ್ನೊಂದರಲ್ಲಿ ಔಷಧಿಯನ್ನು ಬಹಳ ನಿಧಾನ ಬಿಟ್ಟರು. ನಡುನಡುವೆ ನಿಲ್ಲಿಸಿ ಎದೆಬಡಿತ ಕೇಳಿಸಿಕೊಳ್ಳುತ್ತಿದ್ದರು. ಬೇಗ ಕೊಟ್ಟರೆ ಹೃದಯ ನಿಂತುಬಿಡಬಹುದು ಎಂದು ಆಮೇಲೆ ಹೇಳಿದರು. ಕೊಟ್ಟಿಗೆಯೊಳಗೆ ಹಸು ಕರುವನ್ನು ನೆಕ್ಕುವ ಸದ್ದು ಕೇಳುತ್ತಿತ್ತು.

ಮೊದಲು ಸಡಿಲವಾದದ್ದು ದವಡೆ. ಅದು ನನ್ನ ಕೈಗೆ ಗೊತ್ತಾಯಿತು. ಆಮೇಲೆ ಕಾಲು. ಬೆನ್ನಿನ ನಡುಕ ಅಲೆ ಅಲೆಯಾಗಿ ಬರುತ್ತಿದ್ದದ್ದು ಒಂದೊಂದೇ ಸಣ್ಣದಾಗಿ, ಕೊನೆಗೆ ಇಲ್ಲವಾಯಿತು. ಸ್ವಲ್ಪ ಹೊತ್ತಿನಲ್ಲಿ ನಾಯಿ ಕಣ್ಣು ಹೊರಳಿಸಿ ನನ್ನನ್ನು ನೋಡಿತು. ಬಾಲದ ತುದಿ ಒಂದು ಸಲ ಅಲ್ಲಾಡಿತು. ನನಗೆ ಅಳು ಬಂತು. ಕೈ ಬಿಡುವ ಹಾಗಿರಲಿಲ್ಲ, ಹಾಗೇ ಭುಜಕ್ಕೆ ಮುಖ ಒರೆಸಿಕೊಂಡೆ.

"ಹುಚ್ಚು ಹಿಡಿದದ್ದು ಹೀಗೆ ಸುಧಾರಿಸಲ್ಲ ಅಮ್ಮ" ಎಂದರು ಡಾಕ್ಟರು ಅತ್ತೆಗೆ. "ಆದ್ರೂ ಹತ್ತು ದಿನ ಕಟ್ಟಿಹಾಕಿ ನೋಡ್ಕೊಳ್ಳಿ. ಮಗೂನ ಕೈಯನ್ನ ಇವತ್ತೇ ಸರ್ಕಾರಿ ಆಸ್ಪತ್ರೇಲಿ ತೋರ್ಸಿ. ಅವರು ಇಂಜೆಕ್ಷನ್ ಬೇಕು ಅಂದ್ರೆ ಹಾಕ್ಸಿಬಿಡಿ. ಬೇಡ ಅನ್ನೋಕೆ ನಾನು ಮನುಷ್ಯರ ಡಾಕ್ಟ್ರಲ್ಲ."

ಅತ್ತೆ ಎಲ್ಲವನ್ನೂ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಹಸುವಿನ ಮನೆಯವರು ನಮಗೆಲ್ಲ ಮಜ್ಜಿಗೆ ಕೊಟ್ಟರು. ವಾಪಸು ಬರುವಾಗ ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಅತ್ತೆ ಈ ಸಲ ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದರು, ಸೀರೆಯ ನೆರಿಗೆಯನ್ನು ನಾಯಿಗೆ ತಾಗದ ಹಾಗೆ ಒಟ್ಟುಮಾಡಿಕೊಂಡು.

ಸಂಜೆಗೆ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಗೀರು ನೋಡಿ, ಲಸಿಕೆ ಹಾಕದ ನಾಯಿ ಎಂದ ಮೇಲೆ ಯಾಕೆ ಸಂಶಯ ಎಂದು ಇಂಜೆಕ್ಷನ್ ಶುರುಮಾಡಿದರು. ಮಗಳು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಅತ್ತಳು. ಅತ್ತೆ ಅವಳನ್ನು ಎತ್ತಿಕೊಂಡು, "ಅಳು, ಎಷ್ಟು ಬೇಕಾದ್ರೂ ಅಳು" ಎಂದು ಬೆನ್ನು ಸವರುತ್ತಿದ್ದರು.

ಮನೆಗೆ ಬಂದರೆ ಇನ್ನೊಂದು ಕೆಲಸ ಕಾದಿತ್ತು. ತಾಯಿಯ ಹಾಲು ಮರಿಗಳಿಗೆ ಸದ್ಯ ಬೇಡ ಎಂದಿದ್ದರು ಡಾಕ್ಟರು. ಮರಿಗಳು ಹಸಿದು ಕಿರುಚುತ್ತಿದ್ದವು. ನಾನು ಹಾಲನ್ನು ತಟ್ಟೆಗೆ ಹಾಕಿದರೆ ಅದರೊಳಗೆ ಕಾಲಿಟ್ಟು ಜಾರಿ ಬಿದ್ದವೇ ಹೊರತು ಕುಡಿಯಲಿಲ್ಲ. ಅತ್ತೆ ಹೊಸಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ತೆಳ್ಳಗೆ ರಾಗಿ ಗಂಜಿ ಮಾಡಿ, ಹಾಲು ಬೆರೆಸಿ ಆರಿಸಿ ತಂದರು. ಒಂದು ಮಣೆ ಹಾಕಿಕೊಂಡು ಕೂತು, ಬೆರಳನ್ನು ಗಂಜಿಯಲ್ಲಿ ಅದ್ದಿ ಒಂದು ಮರಿಯ ಬಾಯಿಗೆ ಒರೆಸಿದರು. ಅದು ಬೆರಳು ಚೀಪಿತು.

"ಹಲ್ಲು ಬಂದಿದೆ ಇದ್ಕೆ" ಎಂದರು. ಕೈ ಹಿಂದೆ ತೆಗೆಯಲಿಲ್ಲ.

ಗಂಡ ಬೆಲ್ಟಿನ ಸುರುಳಿ ಭುಜಕ್ಕೆ ಹಾಕಿಕೊಂಡು ಬಂದಾಗ ಕಂಡದ್ದು ಇದನ್ನೇ. "ಎಂತ ನಡೀತಾ ಇದೆ ಇಲ್ಲಿ?" ಎಂದು ಬಾಗಿಲಲ್ಲೇ ನಿಂತರು. ಅತ್ತೆ ಮುತ್ತಿನಕೊಪ್ಪದ ಕತೆಯನ್ನೆಲ್ಲ ಹೇಳಿದರು. ಕರು ಹೆಣ್ಣು ಎಂಬುದನ್ನೂ ಬಿಡಲಿಲ್ಲ. ತಮ್ಮನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರನೆಯ ದಿನ ಡಾಕ್ಟರು ಮಿಲ್ಲಿಗೇ ಬಂದು ನಾಯಿಯನ್ನು ನೋಡಿ, ಕುಡಿಸಲು ಕ್ಯಾಲ್ಸಿಯಂ ಔಷಧಿ ಬರೆದುಕೊಟ್ಟರು. ಎರಡು ಮೂರು ದಿನ ಕಾಲಿನಲ್ಲಿ ತ್ರಾಣವಿಲ್ಲದೆ ಒಂದು ಕಡೆ ವಾಲಿಕೊಂಡು ನಡೆಯಿತು, ಆಮೇಲೆ ಅದೂ ಸರಿಹೋಯಿತು. ಹತ್ತು ದಿನ ಕಟ್ಟಿಹಾಕಿದ್ದೆವು. ಗಿರಾಕಿಗಳು ಮೊದಮೊದಲು ಬಾಗಿಲ ಹೊರಗಿನಿಂದಲೇ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಅವತ್ತು ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದ ಹಿರಿಯರು ಒಂದು ದಿನ ಒಳಗೆ ಬಂದು, ನಾಯಿಯನ್ನು ಹತ್ತಿರದಿಂದ ನೋಡಿ, "ಹೌದನೇ ಮಾರಾಯ್ತಿ, ಬದುಕ್ಕೊಂಡ್ಯಲ್ಲ ನೀನು" ಎಂದು ಅದಕ್ಕೇ ಹೇಳಿದರು.

ಹತ್ತು ದಿನ ಕಳೆದ ಮೇಲೆ ಲಸಿಕೆ ಹಾಕಿಸಲು ಅತ್ತೆಯೇ ಅದೇ ಆಟೋ ಕರೆಸಿದರು. ಮರಿಗಳು ಒಂದೊಂದೇ ಮನೆ ಸೇರಿದವು: ಎರಡು ಊರಲ್ಲೇ ಉಳಿದವು, ಒಂದನ್ನು ಶೃಂಗೇರಿಯ ನನ್ನ ಚಿಕ್ಕಮ್ಮ ಬಸ್ಸಿನಲ್ಲಿ ಬುಟ್ಟಿಯೊಳಗೆ ಒಯ್ದರು, ಒಂದು ಕೊಪ್ಪಕ್ಕೆ, ಒಂದು ಮುತ್ತಿನಕೊಪ್ಪದ ಆ ಹಸುವಿನ ಮನೆಗೆ. ತೆಗೆದುಕೊಂಡು ಹೋಗುವ ಪ್ರತಿಯೊಬ್ಬರಿಗೂ ಅತ್ತೆ ಲಸಿಕೆಯ ವಿಷಯವನ್ನು ಎರಡೆರಡು ಸಲ ಹೇಳಿ, ಹೂಂ ಎನ್ನಿಸಿಕೊಂಡೇ ಕಳಿಸುತ್ತಿದ್ದರು.

ಕೊನೆಗೆ ಉಳಿದದ್ದು ಕುಳ್ಳಗಿನ ಒಂದು ಹೆಣ್ಣುಮರಿ. ಕೇಳಿಕೊಂಡು ಇಬ್ಬರು ಮೂವರು ಬಂದರು. ಒಬ್ಬರ ಮನೆ ದೂರವಾಯಿತು, ಇನ್ನೊಬ್ಬರು ಸದಾ ಸರಪಳಿಯಲ್ಲಿ ಕಟ್ಟುವವರು ಎಂದು ಅತ್ತೆ ಯಾರಿಗೂ ಕೊಡಲು ಒಪ್ಪಲಿಲ್ಲ. ಆಮೇಲೆ ಅದನ್ನು ಯಾರಿಗೆ ಕೊಡುವುದು ಎಂದು ನಾವೂ ಅವರನ್ನು ಕೇಳುವುದನ್ನು ಬಿಟ್ಟೆವು.